ಸಸಿಮಡಿಯಿಂದ ಸಂಘದವರೆಗೆ: ಲಾಲ್‌ಬಾಗಿನ ತೋಟಗಾರರು



ಕವಿಗಳನ್ನೂ ಶಾಸನಗಳನ್ನೂ ದಾರ್ಶನಿಕರನ್ನೂ ಕುರಿತ ವ್ಯಾಖ್ಯಾನಗಳಿಗೆ ಕಿವಿಗೊಟ್ಟು ಬಂದಿರುವ ಈ ಕಾಲೇಜಿನ ಸಭಾಂಗಣದಲ್ಲಿ, ದತ್ತಿ ಉಪನ್ಯಾಸದ ರೂಪದಲ್ಲಿ, ತೋಟಗಾರನನ್ನು ಕುರಿತು ನಾಲ್ಕು ಮಾತನ್ನಾಡಲು ಅವಕಾಶವಿತ್ತ ಸಂಸ್ಥೆಗೆ ನಾನು ಋಣಿಯಾಗಿದ್ದೇನೆ. ವಿಷಯವನ್ನು ನಾನೇ ಆರಿಸಿಕೊಂಡೆನಾದುದರಿಂದ ಅದಕ್ಕೆ ಕಾರಣವನ್ನು ಮೊದಲಿಗೇ ನಿವೇದಿಸುವುದು ಯುಕ್ತ. ಗುಡಿಯನ್ನು ಕಟ್ಟಿಸಿದವನ ಹೆಸರು ಶಿಲೆಯ ಮೇಲೆ ಉಳಿಯುತ್ತದೆ. ಕಾವ್ಯವನ್ನು ರಚಿಸಿದವನ ಹೆಸರು ಅಂಕಿತದಲ್ಲಿಯೋ ಆಶ್ವಾಸಾಂತ್ಯದಲ್ಲಿಯೋ ಉಳಿಯುತ್ತದೆ. ಸಾಲುಮರವನ್ನು ನೆಟ್ಟು ನೀರೆರೆದವನ ಹೆಸರಾದರೋ, ಆ ಮರವು ಬೆಳೆದು ದಾರಿಹೋಕನಿಗೆ ನೆರಳನ್ನೀಯುವ ವೇಳೆಗೆ ಊರಿನವರ ಸ್ಮೃತಿಯಿಂದಲೇ ಜಾರಿಹೋಗಿರುತ್ತದೆ. ನಮ್ಮ ನಾಡಿನ ವಿದ್ಯೆಯ ಇತಿಹಾಸವನ್ನು ಬರೆಯುವವರು ಪಾಠಶಾಲೆಗಳನ್ನೂ ಮಠಗಳನ್ನೂ ಮುದ್ರಣಾಲಯಗಳನ್ನೂ ಎಣಿಸುತ್ತಾರೆಯೇ ಹೊರತು ಸಸಿಮಡಿಯನ್ನು ಎಣಿಸುವುದಿಲ್ಲ. ಅದನ್ನೂ ಎಣಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಉಪನ್ಯಾಸದ ವ್ಯಾಪ್ತಿಯನ್ನು ಹೀಗೆ ಗೊತ್ತುಮಾಡಿಕೊಂಡಿದ್ದೇನೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕಳೆದ ಶತಮಾನದಲ್ಲಿ ದುಡಿದ ಇಬ್ಬರು ತೋಟಗಾರರು, ಜರ್ಮನಿಯಿಂದ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಮತ್ತು ಕಾವೇರಿ ಸೀಮೆಯ ಹಳ್ಳಿಯಿಂದ ಬಂದ ಡಾ. ಎಂ. ಎಚ್. ಮರಿಗೌಡರು, ನನ್ನ ಮಾತಿನ ಕೇಂದ್ರದಲ್ಲಿರುತ್ತಾರೆ. ಇವರ ಮೂಲಕ ತೋಟಗಾರನ ಪ್ರಕೃತಿಪ್ರೀತಿಯನ್ನು ಮೊದಲು, ವಿದ್ಯೆಯನ್ನು ಅನಂತರ, ಜನನಾಯಕತ್ವವನ್ನು ಕೊನೆಯಲ್ಲಿ ವಿಚಾರಮಾಡುತ್ತೇನೆ. ಈ ಮೂರನ್ನೂ ಬೇರೆಬೇರೆಯಾಗಿ ಹೇಳಬೇಕಾದುದು ಉಪನ್ಯಾಸದ ಅನುಕೂಲಕ್ಕಾಗಿ ಮಾತ್ರ. ಮರದ ಆಯುಷ್ಯವು ಮನುಷ್ಯನ ಆಯುಷ್ಯಕ್ಕಿಂತ ದೀರ್ಘವಾದುದರಿಂದ, ಮರವನ್ನು ಮನಃಪೂರ್ವಕವಾಗಿ ಪ್ರೀತಿಸಿದವನು ಅದರ ಸ್ವಭಾವವನ್ನು ಕಲಿಯದೆ ಇರಲಾರ. ಕಲಿತುದನ್ನು ತನ್ನ ಅನಂತರವೂ ಬಾಳುವ ಜನಸಮುದಾಯದ ಕೈಗೆ ಒಪ್ಪಿಸದೆಯೂ ಇರಲಾರ. ನಾನು ಹೇಳಬೇಕೆಂದಿರುವುದು ಇಷ್ಟೇ. ಮಿಕ್ಕುದೆಲ್ಲ ಇದಕ್ಕೆ ಒದಗುವ ದೃಷ್ಟಾಂತ.

ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ತೋಟದ ವಿದ್ಯೆ ನಮಗೆ ಹೊರಗಿನಿಂದ ಬಂದುದೆಂದು ಯಾರೂ ಭಾವಿಸಬಾರದು. ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯನೆಂಬ ಕವಿಯು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ವೈದ್ಯ, ವಾಸ್ತು, ಅಂತರ್ಜಲಶೋಧನೆ ಮೊದಲಾದ ವಿಷಯಗಳ ಜೊತೆಯಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಹೈದರಾಲಿಯು 1760ರಲ್ಲಿ ಲಾಲ್‌ಬಾಗನ್ನು ಆರಂಭಿಸಿದನು. ಟಿಪ್ಪುವು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಅದನ್ನು ವಿಸ್ತರಿಸಿದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನರ ಕಾಲದಲ್ಲಿ ಗಾಜಿನ ಮನೆ ಎದ್ದಿತು, ಹೊರದೇಶಗಳ ತರಕಾರಿಗಳು ಬೆಂಗಳೂರಿನ ಸುತ್ತಣ ತೋಟಗಳಿಗೆ ಇಳಿದುವು. ಇಂದು ನಮ್ಮ ಮನೆಗಳಲ್ಲಿ ಕೂಟಿಗೂ ಪಲ್ಯಕ್ಕೂ ಬಳಸುವ ಸೀಮೆಬದನೆಯನ್ನು ಈ ನಾಡಿಗೆ ಪರಿಚಯಿಸಿದ ಕೀರ್ತಿ ಅವರಿಗೇ ಸಲ್ಲುತ್ತದೆ.

ಇನ್ನು ಮೊದಲನೆಯ ವಿಚಾರಕ್ಕೆ, ಎಂದರೆ ತೋಟಗಾರನ ಪ್ರಕೃತಿಪ್ರೀತಿಗೆ, ಬರುತ್ತೇನೆ.

ಕ್ರುಂಬಿಗಲ್ಲರು 1865ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ, ಡ್ರೆಸ್ಡನ್ ನಗರಕ್ಕೆ ಸಮೀಪದ ಲೋಮನ್ ಎಂಬ ಊರಿನಲ್ಲಿ ಹುಟ್ಟಿದರು. ಪಿಲ್ನಿಟ್ಸ್ ಅರಮನೆಯ ತೋಟದಲ್ಲಿ ಕೆಲಸ ಕಲಿತು, ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ ಕ್ಯೂ ಸಸ್ಯೋದ್ಯಾನದಲ್ಲಿಯೂ ದುಡಿದು, 1893ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರ ಸೇವೆಗೆ ಬಂದು ಸೇರಿದರು. ಅಲ್ಲಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕ್ಯಾಮರಾನರ ಉತ್ತರಾಧಿಕಾರಿಯಾದ ಅವರು 1932ರಲ್ಲಿ ನಿವೃತ್ತರಾದ ಮೇಲೆಯೂ ಹಿಂದಿರುಗಿ ಹೋಗದೆ ಬೆಂಗಳೂರಿನಲ್ಲಿಯೇ ನೆಲಸಿ, 1956ರಲ್ಲಿ ಇಲ್ಲಿಯೇ ದೇಹವನ್ನಿಟ್ಟರು. ಅವರನ್ನು ಮಣ್ಣುಮಾಡಿದ್ದೂ ಈ ಊರಿನಲ್ಲಿಯೇ.

ಇವರ ಹೆಸರಿನೊಡನೆ ಬೆಸೆದುಕೊಂಡಿರುವ ಒಂದು ಯೋಜನೆಯನ್ನು ನಾನು ಸ್ವಲ್ಪ ವಿಸ್ತಾರವಾಗಿ ನಿರೂಪಿಸಬೇಕು. ನಗರದ ರಸ್ತೆಗಳಲ್ಲಿ ನೆಡುವ ಮರಗಳನ್ನು, ಒಂದರ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ, ವರ್ಷದ ಯಾವ ಮಾಸದಲ್ಲಿಯೂ ಊರು ಹೂವಿಲ್ಲದೆ ಇರದಂತೆ ಆಯ್ಕೆಮಾಡಿ ಜೋಡಿಸಬೇಕೆಂಬುದೇ ಆ ಯೋಜನೆ. ಕೇಳುವುದಕ್ಕೆ ಇದು ಅಲಂಕಾರಪ್ರಿಯನ ಕಲ್ಪನೆಯಂತೆ ತೋರಬಹುದು. ಆದರೆ ಇದನ್ನು ಕಾರ್ಯಕ್ಕೆ ತರುವುದಕ್ಕೆ ಎಷ್ಟು ತಾಳ್ಮೆಯ ಅವಲೋಕನ ಬೇಕೆಂಬುದನ್ನು ಯೋಚಿಸಿರಿ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್, ದಕ್ಷಿಣ ಅಮೆರಿಕದಿಂದ ಬಂದ ಜಕರಾಂಡ, ತಮ್ಮ ತೌರುನೆಲದಲ್ಲಿ ಯಾವಾಗ ಹೂಬಿಡುತ್ತವೆಂಬುದನ್ನು ಪುಸ್ತಕದಿಂದ ತಿಳಿಯಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಮುಂಗಾರು ಹಿಂಗಾರುಗಳ ನಡುವೆ ಹಂಚಿಹೋದ ಮಳೆಯಲ್ಲಿ, ಕೆಮ್ಮಣ್ಣಿನ ನೆಲದಲ್ಲಿ ಅವು ಹೇಗೆ ವರ್ತಿಸುತ್ತವೆಂಬುದನ್ನು ಮರದ ಬುಡದಲ್ಲಿ ನಿಂತು ವರ್ಷವರ್ಷವೂ ನೋಡಿಯೇ ತಿಳಿಯಬೇಕು. ಎಲೆ ಉದುರುವ ಕಾಲ, ತಳಿರೊಡೆಯುವ ಕಾಲ, ಮೊಗ್ಗಿನಿಂದ ಹೂವಿಗೆ ಹಿಡಿಯುವ ದಿನಗಳು, ಒಂದು ಗಾಳಿಮಳೆಗೆ ಹೂವು ನಿಲ್ಲುವುದೋ ಚೆಲ್ಲುವುದೋ ಎಂಬುದು, ಇವೆಲ್ಲ ಲೆಕ್ಕಕ್ಕೆ ಬರಬೇಕು.

ಆ ಅವಲೋಕನದ ಫಲವನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ. ಮಾಘ ಫಾಲ್ಗುಣಗಳಲ್ಲಿ ತಬೆಬುಯಾ ಬೋಳುಕೊಂಬೆಗಳ ಮೇಲೆ ಹೂವನ್ನೇ ಹೊದೆದು ನಿಲ್ಲುತ್ತದೆ. ಅದರ ಬೆನ್ನಿಗೇ ಜಕರಾಂಡದ ನೀಲಿ ಬರುತ್ತದೆ. ಯುಗಾದಿಯ ಹೊತ್ತಿಗೆ ಹೊಂಗೆ ತಳಿರೊಡೆಯುತ್ತದೆ. ವೈಶಾಖದ ಬಿಸಿಲಿನಲ್ಲಿ ಗುಲ್‌ಮೊಹರಿನ ಕೆಂಪು ಮತ್ತು ಕಕ್ಕೆಯ ಹೊಂಬಣ್ಣ. ಮಳೆಗಾಲ ಹಿಂದೆ ಸರಿದು ಚಳಿ ಕಾಲಿಡುವಾಗ ಆಕಾಶಮಲ್ಲಿಗೆ ತನ್ನ ಬಿಳಿಯ ಹೂಗಳನ್ನು ರಾತ್ರಿಯೆಲ್ಲ ಸುರಿಸಿ ಬೆಳಗಿನ ದಾರಿಯನ್ನು ಪರಿಮಳಗೊಳಿಸುತ್ತದೆ. ಈಗ ನಾವು ಕಾಣುವ ಮರಗಳಲ್ಲಿ ಎಷ್ಟೋ ಅವರ ಕಾಲದವಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ನಗರದಲ್ಲಿ ಲಕ್ಷಾಂತರ ಸಸಿಗಳನ್ನು ನೆಡಿಸಿದುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಆದರೂ ಋತುಕ್ರಮವನ್ನು ಅನುಸರಿಸಿ ನಗರವನ್ನು ತೋಟವೆಂದು ಭಾವಿಸುವ ದೃಷ್ಟಿಯನ್ನು ಕೊಟ್ಟವರಲ್ಲಿ ಕ್ರುಂಬಿಗಲ್ಲರು ಅಗ್ರಗಣ್ಯರು.

ಪರದೇಶದ ಮರಗಳಿಗೆ ಅವರು ಅತಿಯಾದ ಆದರವನ್ನು ತೋರಿಸಿದರೆಂಬ ಆಕ್ಷೇಪವೊಂದುಂಟು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಗುಲ್‌ಮೊಹರಿನ ಬೇರು ಆಳಕ್ಕಿಳಿಯುವುದಿಲ್ಲ, ಅದರ ಕೊಂಬೆ ಗಟ್ಟಿಯಾದುದಲ್ಲ. ಮುಂಗಾರಿನ ಮೊದಲ ಬಿರುಗಾಳಿಗೆ ಉರುಳುವ ಮರಗಳಲ್ಲಿ ಅದರ ಪಾಲು ದೊಡ್ಡದು. ಅದರ ಬದಲಿಗೆ ನಮ್ಮ ಹೊಂಗೆ, ಬೇವು, ಸಂಪಿಗೆ, ಮತ್ತಿ, ಹೊನ್ನೆಗಳಿಗೆ ಇನ್ನಷ್ಟು ಎಡೆ ದೊರೆತಿದ್ದರೆ ಒಳ್ಳೆಯದಾಗುತ್ತಿತ್ತೆಂದೇ ನನ್ನ ತೀರ್ಮಾನ. ಆದರೆ ಸಂಜೆಯಾಗುತ್ತಲೇ ಎಲೆಗಳನ್ನು ಮಡಿಚುವ ಮಳೆಮರದ ವಿಶಾಲವಾದ ನೆರಳಿನಲ್ಲಿ ಎರಡು ಮೂರು ತಲೆಮಾರುಗಳು ನಡೆದಾಡಿದ ಮೇಲೆ, ಅಮೆರಿಕದ ಉಷ್ಣವಲಯದಿಂದ ಬಂದ ಆ ಮರವನ್ನು ಅನ್ಯವೆನ್ನಲು ನನಗೆ ಮನಸ್ಸು ಬಾರದು.

ಪ್ರೀತಿಯ ವಿಷಯ ಇಷ್ಟು ಸಾಕು. ಎರಡನೆಯದಾಗಿ ವಿದ್ಯೆಯನ್ನು ಕುರಿತು ಹೇಳಬೇಕು. ಇದರಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವವನಿದ್ದೇನೆ, ಸಭಿಕರು ಸಹಿಸಬೇಕು.

ತೋಟಗಾರಿಕೆಯನ್ನು ಕೈಕಸುಬೆಂದೂ, ಸಸ್ಯಶಾಸ್ತ್ರವನ್ನು ವಿದ್ಯೆಯೆಂದೂ ಎರಡಾಗಿ ಒಡೆದಿಡುವ ರೂಢಿ ನಮ್ಮ ವಿದ್ಯಾಸಂಸ್ಥೆಗಳಲ್ಲಿದೆ. ಲಾಲ್‌ಬಾಗಿನ ಪರಂಪರೆ ಈ ಭೇದವನ್ನು ಒಪ್ಪಲಿಲ್ಲ. ಗುದ್ದಲಿ ಹಿಡಿದೇ ಬೆಳೆದ ಕ್ರುಂಬಿಗಲ್ಲರು ಲಾಲ್‌ಬಾಗಿನಲ್ಲಿ ತೋಟಗಾರಿಕೆಯ ಶಿಕ್ಷಣಕ್ಕೆ ವ್ಯವಸ್ಥೆಯನ್ನು ಏರ್ಪಡಿಸಿದರು. ಅವರ ಕೈಕೆಳಗೆ ಪಳಗಿದ ಎಚ್. ಸಿ. ಜವರಾಯರು ಅವರ ಅನಂತರ ಉದ್ಯಾನದ ಹೊಣೆಯನ್ನು ಹೊತ್ತು ಹಣ್ಣಿನ ಬೆಳೆಗಳ ಸಂಶೋಧನೆಗೆ ಗಮನವಿತ್ತರು. ಹೆಸರಘಟ್ಟದಲ್ಲಿ ಸಂಸ್ಥಾನದವರು ನಡೆಸುತ್ತಿದ್ದ ಹಣ್ಣಿನ ಸಂಶೋಧನಾ ಕೇಂದ್ರವೇ ಮುಂದೆ, 1960ರ ದಶಕದ ಕೊನೆಯಲ್ಲಿ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ನೆಲೆಯಾಯಿತು.

ಈ ವಿದ್ಯೆಯ ತಿರುಳು ಎಲ್ಲಿದೆಯೆಂಬುದನ್ನು ಮಾವಿನ ಉದಾಹರಣೆಯಿಂದ ಹೇಳುತ್ತೇನೆ. ರುಚಿಯಾದ ಬಾದಾಮಿಯನ್ನೋ ರಸಪುರಿಯನ್ನೋ ತಿಂದು ಅದರ ವಾಟೆಯನ್ನು ಹಿತ್ತಲಲ್ಲಿ ಹೂತರೆ ಮರವೇನೋ ಹುಟ್ಟುತ್ತದೆ, ಹಣ್ಣೂ ಬಿಡುತ್ತದೆ; ಆದರೆ ಆ ಹಣ್ಣು ಬಾದಾಮಿಯಾಗಿರುವುದೆಂಬ ಭರವಸೆಯಿಲ್ಲ. ನಮ್ಮ ಈ ತಳಿಗಳ ಬೀಜದಲ್ಲಿ ತಂದೆತಾಯಿಗಳ ಗುಣಗಳು ಬೆರೆತು ಪ್ರತಿಯೊಂದು ಸಸಿಯೂ ಹೊಸದಾಗಿಯೇ ಹುಟ್ಟುತ್ತದೆ. ತಾಯಿಮರದ ಗುಣವನ್ನು ಯಥಾವತ್ತಾಗಿ ಉಳಿಸಿಕೊಳ್ಳಬೇಕಾದರೆ ಅದರ ಕುಡಿಯನ್ನೇ ತಂದು ಬೇರೊಂದು ಸಸಿಗೆ ಕಸಿ ಕಟ್ಟಬೇಕು. ಕಸಿ ಕಟ್ಟುವ ಮಾಲಿಯ ಬೆರಳುಗಳಲ್ಲಿ ಇರುವುದು ಸೂಕ್ಷ್ಮವಾದ ಜ್ಞಾನ: ಕುಡಿ ಬಲಿತಿರುವ ಹದ, ಸಸಿಯ ಕಾಂಡದ ದಪ್ಪ, ಕೊಯ್ತದ ಓರೆ, ಎರಡೂ ತೊಗಟೆಗಳ ಒಳಪದರ ಒಂದನ್ನೊಂದು ತಾಗುವಂತೆ ಬಿಗಿಯುವ ಕಟ್ಟು, ಗಾಳಿಯಲ್ಲಿ ತೇವವಿರುವ ದಿನಗಳ ಆಯ್ಕೆ. ಇದರಲ್ಲಿ ಒಂದು ತಪ್ಪಿದರೆ ಕುಡಿ ಒಣಗುತ್ತದೆ.

ಇಲ್ಲಿಯೇ ಒಂದು ಧರ್ಮಸೂಕ್ಷ್ಮವೂ ಇದೆ. ಬಟ್ಟೆಯನ್ನು ಕೊಂಡವನು ಮೋಸವನ್ನು ಮೊದಲ ಒಗೆತದಲ್ಲೇ ತಿಳಿಯಬಹುದು. ಕಸಿಗಿಡವನ್ನು ಕೊಂಡ ರೈತನು ತನಗೆ ದೊರೆತುದು ಬಾದಾಮಿಯೋ ಕಾಡುಮಾವೋ ಎಂಬುದನ್ನು ತಿಳಿಯಬೇಕಾದರೆ ನಾಲ್ಕೈದು ವರ್ಷ ಗಿಡವನ್ನು ಸಾಕಬೇಕು. ಅಷ್ಟರಲ್ಲಿ ಮಾರಿದವನು ಎಲ್ಲಿಯೋ, ಕೊಟ್ಟ ಹಣವೆಲ್ಲಿಯೋ, ಉತ್ತ ನೆಲವು ಬರಿದೆ ಕಳೆದ ಕಾಲವೆಲ್ಲಿಯೋ! ಆದುದರಿಂದ ತೋಟಗಾರಿಕೆಯಲ್ಲಿ ಜ್ಞಾನವೂ ಪ್ರಾಮಾಣಿಕತೆಯೂ ಬೇರ್ಪಡಿಸಲಾರದಂತೆ ಕೂಡಿಕೊಂಡಿವೆ. ಬಡ ರೈತನಿಗೆ ನಂಬಿಕೆಯ ಗಿಡ ದೊರೆಯಬೇಕಾದರೆ, ಗುಣ ಗೊತ್ತಾದ ತಾಯಿಮರಗಳ ತೋಟಗಳು ಅವನ ಊರಿಗೆ ಸಮೀಪದಲ್ಲಿ ಇರಬೇಕು. ಅವುಗಳನ್ನು ಕಾಯುವವರು ಲಾಭಕ್ಕಾಗಿ ಅವಸರಪಡದವರಾಗಿರಬೇಕು. ಇದನ್ನು ಕಂಡುಕೊಂಡು ರಾಜ್ಯವ್ಯಾಪ್ತಿಯಲ್ಲಿ ಕಾರ್ಯಗತಮಾಡಿದ ಮಹಾನುಭಾವರೇ ಮರಿಗೌಡರು.

ಮರಿಗೌಡರು 1916ರ ಆಗಸ್ಟ್ 8ರಂದು ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಹೋಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿದರು. ಕಾಲುವೆಯ ನೀರಿನ ಗದ್ದೆಗಳನ್ನು ನೋಡಿ ಬೆಳೆದ ಈ ಯುವಕರು ಲಾಲ್‌ಬಾಗಿನ ಸೇವೆಗೆ ಸೇರಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿಯನ್ನು ಸಂಪಾದಿಸಿ, 1951ರಲ್ಲಿ ಉದ್ಯಾನದ ಮುಖ್ಯಾಧಿಕಾರವನ್ನು ವಹಿಸಿಕೊಂಡರು. ಅಂಥ ಪದವಿಯನ್ನು ಹೊತ್ತು ಬಂದವರು ಪ್ರಯೋಗಶಾಲೆಯ ನಾಲ್ಕು ಗೋಡೆಗಳೊಳಗೆ ಗೌರವದಿಂದ ಕಾಲ ಕಳೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರಾದರೋ ಮಳೆಯಾಶ್ರಯದ ಬರಡು ನೆಲದ ಕಡೆಗೆ ಮುಖಮಾಡಿದರು. ರಾಗಿ ಕೈಕೊಟ್ಟ ವರ್ಷದಲ್ಲಿಯೂ ಮಾವು, ಹಲಸು, ಸೀಬೆ, ಸಪೋಟ, ಹುಣಸೆಗಳು ರೈತನನ್ನು ಕೈಹಿಡಿದು ನಡೆಸಬಲ್ಲವೆಂದು ಸಾರಿದರು. ತೋಟಗಾರಿಕೆಯು ವ್ಯವಸಾಯ ಇಲಾಖೆಯ ಒಂದು ಮೂಲೆಯಲ್ಲಿ ಉಳಿಯಬಾರದೆಂಬ ಅವರ ಪ್ರಯತ್ನದಿಂದ 1963ರಲ್ಲಿ ಮೈಸೂರು ರಾಜ್ಯದಲ್ಲಿ ಪ್ರತ್ಯೇಕವಾದ ತೋಟಗಾರಿಕಾ ಇಲಾಖೆ ಸ್ಥಾಪಿತವಾಯಿತು. ತಾಲ್ಲೂಕು ತಾಲ್ಲೂಕಿಗೂ ಸರ್ಕಾರಿ ತೋಟಗಳೂ ಸಸ್ಯಕ್ಷೇತ್ರಗಳೂ ಹರಡಿದುವು. ಅವುಗಳ ಸಂಖ್ಯೆ 300ನ್ನು ಮೀರಿತು. ಕಲ್ಲುಮುಳ್ಳಿನ, ಉಪಯೋಗಕ್ಕೆ ಬಾರದೆಂದು ಬಿಟ್ಟಿದ್ದ ನೆಲಗಳಲ್ಲಿಯೇ ಅನೇಕ ತೋಟಗಳನ್ನು ಎಬ್ಬಿಸಿದರೆಂಬುದು ಗಮನಾರ್ಹ. ಇಂಥ ನೆಲದಲ್ಲಿ ಮರ ಬೆಳೆಯಬಲ್ಲುದೆಂಬುದನ್ನು ರೈತನು ಯಾರ ಭಾಷಣವನ್ನೂ ಕೇಳದೆ ಕಣ್ಣಾರೆ ಕಂಡುಕೊಳ್ಳಲು ಅವು ಸಾಧನವಾದುವು. ಕೋಲಾರ, ಶ್ರೀನಿವಾಸಪುರಗಳ ಕಡೆ ದಾರಿಯ ಇಕ್ಕೆಲಗಳಲ್ಲಿಯೂ ಮಾವಿನ ತೋಪುಗಳನ್ನು ನೋಡುವಾಗಲೆಲ್ಲ ನನಗೆ ಆ ಶ್ರಮದ ನೆನಪಾಗುತ್ತದೆ.

ಇಲ್ಲಿಂದ ಮೂರನೆಯ ವಿಚಾರಕ್ಕೆ ದಾಟುವುದು ಕಷ್ಟವಲ್ಲ, ಏಕೆಂದರೆ ಮರಿಗೌಡರೇ ಆ ದಾರಿಯಲ್ಲಿ ಮುಂದೆ ನಡೆದಿದ್ದಾರೆ. ಗಿಡ ಕೊಟ್ಟಾಯಿತು, ಬೆಳೆಯುವ ಕ್ರಮವನ್ನು ಕಲಿಸಿಯಾಯಿತು. ಹಣ್ಣು ಕೈಗೆ ಬಂದ ಮೇಲೆ ರೈತನ ಗತಿಯೇನು? ದ್ರಾಕ್ಷಿಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಸೀಮೆ ದ್ರಾಕ್ಷಿಗೆ ಪ್ರಸಿದ್ಧವಾದುದು. ಭತ್ತವನ್ನೋ ರಾಗಿಯನ್ನೋ ಬೆಳೆದವನು ಬೆಲೆ ಕುಸಿದರೆ ಕಣಜದಲ್ಲಿ ತುಂಬಿಟ್ಟು ಕಾಯಬಲ್ಲನು. ಕಿತ್ತ ದ್ರಾಕ್ಷಿಯ ಗೊಂಚಲು ಯಾರನ್ನೂ ಕಾಯದು. ಬೆಳಗಿನ ಜಾವ ಮಂಡಿಗೆ ಬಂದ ಬೆಳೆಗಾರನು ದಲ್ಲಾಳಿ ಹೇಳಿದ ಬೆಲೆಗೆ ತಲೆಯಾಡಿಸಿ ಹೋಗಬೇಕು, ಇಲ್ಲವೆ ಮಾಲನ್ನು ಸುರಿದು ಹೋಗಬೇಕು. ಈ ಅಸಹಾಯಕತೆಯನ್ನು ಕಂಡು ಮರಿಗೌಡರು 1959ರಲ್ಲಿ ದ್ರಾಕ್ಷಿ ಬೆಳೆಗಾರರನ್ನು ಒಗ್ಗೂಡಿಸಿ ಸಹಕಾರ ಸಂಘವನ್ನು ಕಟ್ಟಿಸಿದರು. ಬೆಳೆಗಾರನ ಮಾಲನ್ನು ಅವನ ಕಣ್ಣೆದುರಿಗೇ ತೂಗಿ, ನ್ಯಾಯವಾದ ಬೆಲೆಯನ್ನು ಅವನಿಗೆ ಸಲ್ಲಿಸಿ, ಸಂಘದ ಮಳಿಗೆಗಳ ಮೂಲಕ ಪೇಟೆಯವರಿಗೆ ಮಾರುವ ಈ ಏರ್ಪಾಡು ಕ್ರಮೇಣ ಎಲ್ಲ ಹಣ್ಣು ತರಕಾರಿಗಳಿಗೂ ವಿಸ್ತರಿಸಿತು. ಇಂದು ಹಾಪ್‌ಕಾಮ್ಸ್ ಎಂದು ಮನೆಮನೆಗೂ ಪರಿಚಿತವಾಗಿರುವ ಸಂಸ್ಥೆಯ ಮೂಲ ಇದೇ. ಬೀದಿಯ ತಿರುವಿನಲ್ಲಿ ನಿಂತ ಆ ಚಿಕ್ಕ ಮಳಿಗೆಯಲ್ಲಿ ಸೀಬೆಯನ್ನೋ ಸೊಪ್ಪನ್ನೋ ಕೊಳ್ಳುವಾಗ, ಅದರ ಹಿಂದೆ ಒಬ್ಬ ಸಸ್ಯಶಾಸ್ತ್ರಜ್ಞರ ಅಂತಃಕರಣವಿದೆಯೆಂಬುದನ್ನು ನಮ್ಮಲ್ಲಿ ಎಷ್ಟು ಜನ ನೆನೆಯುತ್ತೇವೆ?

ನಾಯಕತ್ವವೆಂದರೆ ಮುಂದೆ ನಿಂತು ಅಪ್ಪಣೆಮಾಡುವುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ತೋಟಗಾರನ ನಾಯಕತ್ವ ಆ ಜಾತಿಯದಲ್ಲ; ತಾನಿಲ್ಲದ ಕಾಲದಲ್ಲಿಯೂ ಕೆಲಸ ನಡೆಯುವಂತೆ ಅವನು ಏರ್ಪಡಿಸಿಟ್ಟು ಹೋಗುತ್ತಾನೆ. 1912ರಲ್ಲಿ ಆರಂಭವಾದ ಮೈಸೂರು ಉದ್ಯಾನಕಲಾ ಸಂಘವು ಇಂದಿಗೂ ಇಲಾಖೆಯೊಡನೆ ಕೂಡಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನವನ್ನು ನಡೆಸುತ್ತಿದೆ. ಆ ದಿನಗಳಲ್ಲಿ ಅಲ್ಲಿ ಸೇರುವ ಜನಸಂದಣಿಯನ್ನು ಕಂಡವರಿಗೆ, ಹೂವಿನ ಮುಂದೆ ಎಲ್ಲ ವರ್ಗದವರೂ ಒಂದೇ ಸಾಲಿನಲ್ಲಿ ನಿಲ್ಲುವುದನ್ನು ನೋಡಿದವರಿಗೆ, ತೋಟವು ಸಾರ್ವಜನಿಕ ಜೀವನದ ಶಾಲೆಯೂ ಆಗಬಲ್ಲುದೆಂದು ಬೇರೆ ಹೇಳಬೇಕಾಗಿಲ್ಲ.

ಅಧಿಕಾರವೂ ಪದವಿಯೂ ಇದ್ದವರ ಮಾತನ್ನೇ ಇಷ್ಟು ಹೊತ್ತು ಆಡಿದೆನಾದುದರಿಂದ, ಅವೆರಡೂ ಇಲ್ಲದ ಒಬ್ಬ ತಾಯಿಯನ್ನು ಸ್ಮರಿಸದೆ ಮುಂದುವರಿದರೆ ವಿಷಯಕ್ಕೆ ಅನ್ಯಾಯವಾಗುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಮಕ್ಕಳಿಲ್ಲದ ಕೊರಗನ್ನು ಮರಗಳಲ್ಲಿ ಮರೆತು, ಪತಿ ಚಿಕ್ಕಯ್ಯನವರೊಡನೆ ಕೂಲಿಯ ದುಡಿಮೆಯ ನಡುವೆಯೇ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸಾಗುವ ದಾರಿಯಲ್ಲಿ ನಾಲ್ಕೈದು ಕಿಲೋಮೀಟರ್ ಉದ್ದಕ್ಕೂ 380ಕ್ಕೂ ಹೆಚ್ಚು ಆಲದ ಗಿಡಗಳನ್ನು ನೆಟ್ಟು ಬೆಳಸಿದರು. ದೊಡ್ಡ ಆಲದ ಮರಗಳಿಂದ ಸಸಿಗಳನ್ನು ಎಬ್ಬಿಸಿಕೊಂಡು, ಮಳೆಗಾಲಕ್ಕೆ ಸರಿಯಾಗಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ದನಕರು ಮೇಯದಂತೆ ಮುಳ್ಳುಬೇಲಿ ಕಟ್ಟಿದ ಆ ಕ್ರಮದಲ್ಲಿ ಪ್ರೀತಿಯೂ ಇದೆ, ನಾನು ಇದುವರೆಗೆ ಹೇಳಿದ ವಿದ್ಯೆಯೂ ಇದೆ. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ರಸ್ತೆಯನ್ನು ಅಗಲಗೊಳಿಸುವ ಯೋಜನೆಯಿಂದ ಅವರು ನೆಟ್ಟ ಮರಗಳಿಗೆ ಅಪಾಯ ಬಂದೊದಗಿತು. ಅವರು ಸರ್ಕಾರಕ್ಕೆ ಮೊರೆಯಿಡಬೇಕಾಯಿತು, ಯೋಜನೆಯನ್ನು ಪುನರ್ವಿಮರ್ಶಿಸುವ ಭರವಸೆಯನ್ನು ಪಡೆಯಬೇಕಾಯಿತು. ಮರವನ್ನು ಬೆಳೆಸಿದ ಕೈಗಳೇ ಮುಪ್ಪಿನಲ್ಲಿ ಅದನ್ನು ಕಾಯುವುದಕ್ಕೂ ನಿಲ್ಲಬೇಕಾಗಿ ಬಂದುದು ನಾಡಿಗೆ ಶೋಭೆಯಲ್ಲವೆಂದು ನಾನು ನೋವಿನಿಂದ ಹೇಳುತ್ತೇನೆ.

ಇದೇ ಪ್ರಸಂಗದಲ್ಲಿ ಮಾಲಿಗಳ ಮಾತನ್ನೂ ಆಡಬೇಕು. ಕ್ರುಂಬಿಗಲ್ಲರ ಹೆಸರಿನ ರಸ್ತೆಯುಂಟು, ಮರಿಗೌಡರ ಹೆಸರಿನ ಸಭಾಂಗಣವುಂಟು. ಮರಿಗೌಡರ ಜನ್ಮದಿನವನ್ನು ತೋಟಗಾರಿಕಾ ದಿನವೆಂದು ಆಚರಿಸುತ್ತೇವೆ. ಇವೆಲ್ಲವೂ ಯೋಗ್ಯವಾದುವೇ. ಆದರೆ ಅವರ ಯೋಜನೆಗಳನ್ನು ಪಾತಿಯಲ್ಲಿಯೂ ಮಡಿಯಲ್ಲಿಯೂ ದಿನದಿನವೂ ನಡೆಸಿದ, ಕಸಿಯ ಚಾಕುವನ್ನು ತಂದೆಯ ಕೈಯಿಂದ ಮಗನು ಪಡೆದ ಮನೆತನಗಳ ಒಂದು ಹೆಸರಾದರೂ ಪುಸ್ತಕದಲ್ಲಿ ಸಿಕ್ಕುವುದು ದುರ್ಲಭ. ಈಚೆಗೆ ನಮ್ಮ ಊರುಗಳ ಮರಗಳ ಪೋಷಣೆಯನ್ನು ಗುತ್ತಿಗೆಗೆ ಕೊಡುವ ಪದ್ಧತಿ ಹೆಚ್ಚಾಗಿದೆ. ಕೊಂಬೆಯನ್ನು ಎಲ್ಲಿ ಕಡಿದರೆ ಗಾಯ ಮಾಯುವುದು, ಬುಡದ ಸುತ್ತ ಎಷ್ಟು ಮಣ್ಣನ್ನು ತೆರೆದು ಬಿಡಬೇಕು ಎಂಬ ಪಾಠವಿಲ್ಲದ ಕೈಗಳು ಗರಗಸವನ್ನು ಹಿಡಿಯುತ್ತಿವೆ. ಮರದ ಬುಡದವರೆಗೂ ಸಿಮೆಂಟನ್ನು ಸುರಿದು, ಬೇರಿಗೆ ಗಾಳಿ ನೀರುಗಳನ್ನು ತಪ್ಪಿಸಿ, ಅನಂತರ ಗಾಳಿಗೆ ಮರ ಬಿದ್ದಿತೆಂದು ಮರವನ್ನೇ ದೂರುವುದನ್ನು ನಾವು ಪ್ರತಿ ಮುಂಗಾರಿನಲ್ಲಿಯೂ ನೋಡುತ್ತಿದ್ದೇವೆ.

ಆದುದರಿಂದ ಸಭೆಯ ಮುಂದೆ ಕೆಲವು ಪ್ರಾರ್ಥನೆಗಳನ್ನಿಟ್ಟು ನನ್ನ ಮಾತನ್ನು ಮುಗಿಸುತ್ತೇನೆ. ಪುರಸಭೆಗಳಲ್ಲಿ ಅಧಿಕಾರವುಳ್ಳವರು ಯಾರಾದರೂ ಇಲ್ಲಿದ್ದರೆ, ತಮ್ಮ ಊರಿಗೆ ತರಬೇತಿ ಪಡೆದ ಮಾಲಿಗಳನ್ನು ಖಾಯಂ ನೌಕರಿಯಲ್ಲಿ ನೇಮಿಸಿಕೊಳ್ಳಲಿ. ನೆಟ್ಟ ಮರದ ವರ್ಷವನ್ನೂ ನೆಟ್ಟವರ ಹೆಸರನ್ನೂ ದಾಖಲೆಯಲ್ಲಿ ಬರೆದಿಡಲಿ. ಈ ಕಾಲೇಜಿನ ಹಿಂಭಾಗದಲ್ಲಿ ಬಳಕೆಯಾಗದೆ ಬಿದ್ದಿರುವ ನೆಲದಲ್ಲಿ ವಿದ್ಯಾರ್ಥಿಗಳು ಒಂದು ಸಸಿಮಡಿಯನ್ನು ಆರಂಭಿಸಲಿ. ಕಸಿ ಕಟ್ಟುವುದನ್ನು ಕಲಿಸಲು ಅಧ್ಯಾಪಕರ ಜೊತೆಗೆ ಒಬ್ಬ ಹಿರಿಯ ಮಾಲಿಯನ್ನೂ ಗೌರವಧನವಿತ್ತು ಕರೆಸಿಕೊಳ್ಳಲಿ. ಕೊನೆಯದಾಗಿ, ಈ ದತ್ತಿಯ ಧರ್ಮದರ್ಶಿಗಳಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ವರ್ಷಕ್ಕೊಮ್ಮೆ ವಿದ್ವಾಂಸರೊಬ್ಬರನ್ನು ಕರೆಸಿ ಈ ವೇದಿಕೆಯಲ್ಲಿ ಸನ್ಮಾನಿಸುವ ನೀವು, ಮುಂದಿನ ವರ್ಷದಿಂದ ಅವರ ಪಕ್ಕದಲ್ಲಿಯೇ ಇನ್ನೊಂದು ಕುರ್ಚಿಯನ್ನು ಹಾಕಿಸಿ, ಈ ಜಿಲ್ಲೆಯ ಸಾರ್ವಜನಿಕ ತೋಟದಲ್ಲಿ ಬಾಳೆಲ್ಲ ದುಡಿದ ಮಾಲಿಯೊಬ್ಬರನ್ನು ಅದೇ ಗೌರವದಿಂದ ಸನ್ಮಾನಿಸಬೇಕು. ನನಗೆ ಇಂದು ಕೊಡಲಿರುವ ಗೌರವಧನವನ್ನು ಅದರ ಮೊದಲ ಕಾಣಿಕೆಯಾಗಿ ಸ್ವೀಕರಿಸಬೇಕೆಂದು ಕೇಳಿಕೊಳ್ಳುತ್ತೇನೆ.